ಮೋಹನದಾಸರ ಗ್ಯಾಸು

ನಿಗಡಿಯಲ್ಲಿ ಹೋಟೆಲು ನಡೆಸುವ ಮೋಹನದಾಸರ ಪಾಲಿಗೆ ಲೋಕದ ಕಾಯಿಲೆಗಳೆಲ್ಲ ಗ್ಯಾಸು. ಗಿರಾಕಿಯ ತಲೆನೋವಿಗೂ ಅಡುಗೆಭಟ್ಟರ ಸಿಟ್ಟಿಗೂ ಗಲ್ಲಾದಲ್ಲಿ ಕೂತೇ ಶುಂಠಿ ಕಷಾಯ ಹೇಳುತ್ತಿದ್ದರು. ಎಂಬತ್ತೆರಡನೇ ವಯಸ್ಸಿನಲ್ಲಿ ಅವರ ಎದೆಗೆ, ಬಡಿತ ಕಾಯುವ ಪೇಸ್‌ಮೇಕರ್ ಕೂರಿಸಿದ ಮೇಲೂ ಈ ಕಷಾಯದ ವೈದ್ಯ ನಿಲ್ಲಲಿಲ್ಲ. ಮೇಲಿನ ಡಬ್ಬಕ್ಕೆ ಕೈ ಎತ್ತಿದಾಗಲೆಲ್ಲ ಕಣ್ಣು ಕತ್ತಲಿಡುತ್ತಿತ್ತು. “ಡಾಕ್ಟರಿಗೆ ಒಮ್ಮೆ ತೋರಿಸಿ” ಎಂದು ಹೆಂಡತಿ ಲೀಲಾಕ್ಷಿ ಗೋಗರೆದರೆ, “ಗ್ಯಾಸು ಮಾರಾಯ್ತಿ” ಎನ್ನುತ್ತಿದ್ದರು. ಒಂದು ದಿನ ಮೊಮ್ಮಗಳನ್ನು ಎತ್ತಿ ಆಡಿಸುತ್ತಿದ್ದಾಗಲೇ ಪ್ರಜ್ಞೆ ತಪ್ಪಿ ಬಿದ್ದರು. ಮಗುವಿನ ಕೈ ಮುರಿಯಿತು. ಡಾಕ್ಟರು ಅವರಿಂದ ಕೈ ಎತ್ತಿಸಿ ಇಸಿಜಿ ನೋಡಿದರು. ಎತ್ತಿದಾಗ ಮಾತ್ರ ಬಡಿತ ತಪ್ಪುತ್ತಿತ್ತು. ಪೇಸ್‌ಮೇಕರಿನಿಂದ ಹೃದಯಕ್ಕೆ ಹೋಗುವ ತಂತಿ ಒಳಗೇ ಮುರಿದಿತ್ತು. ಹೊಸ ತಂತಿ ಹಾಕಿ, “ಇನ್ನು ಧೈರ್ಯವಾಗಿ ಮೊಮ್ಮಗಳನ್ನು ಎತ್ತಿಕೊಳ್ಳಿ” ಎಂದರು. ಮಗುವಿನ ಮೂಳೆಯೂ ಕೂಡಿತು. ಆದರೆ ಅವಳು “ಅಜ್ಜ, ಎತ್ತಿಕೊ” ಎಂದು ಓಡಿ ಬಂದರೆ, ಮೋಹನದಾಸರು ನೆಲದ ಮೇಲೆ ಕೂತು ಮಡಿಲು ಒಡ್ಡುತ್ತಾರೆ.