ಖಂಡೆ ಪೂಜೆಯ ದಿನ ತೆರೆದ ಕೈ

ಮಕ್ಕಳೇ, ದೆವ್ವ ಪವಾಡಗಳ ಮಾತು ಬಂದರೆ ನನಗೆ ಮೊದಲಿನಿಂದಲೂ ನಗು ಬರುತ್ತಿತ್ತು. ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗಷ್ಟೇ ಓದಿದವಳು ನಾನು. ಆದರೂ ಕಾಣದ್ದನ್ನು ನಂಬಬಾರದು ಎನ್ನುವಷ್ಟು ಬುದ್ಧಿ ಇತ್ತು. ಈಗ ಹೇಳುವುದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ. ಬಾಯಿಂದ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿರಬೇಕು. ನಿಮ್ಮ ಅಜ್ಜ ತೀರಿಕೊಂಡಿದ್ದರು. ಈ ಶಹರದ ಸ್ವಾರಗೇಟ ಬಸ್ ಸ್ಟ್ಯಾಂಡಿನ ಹತ್ತಿರ ಎರಡು ಕೋಣೆಯ ಮನೆಯಲ್ಲಿ ನಾನು, ನಿಮ್ಮಪ್ಪ, ಮತ್ತು ಓದಲು ಧಾರವಾಡದಿಂದ ಬಂದಿದ್ದ ನನ್ನ ಮೈದುನನ ಮಗಳು, ಅಂದರೆ ನಿಮ್ಮ ಸವಿತಾ ಅತ್ತೆ ಇದ್ದೆವು. ಅವಳದು ಎಲೆಕ್ಟ್ರಿಕಲ್ ಮತ್ತು ಮೆಕಾಟ್ರಾನಿಕ್ಸ್ ಇಂಜಿನಿಯರಿಂಗ್. ಕರೆಂಟಿನಿಂದ ಯಂತ್ರಕ್ಕೆ ಕೈಕಾಲು ಆಡಿಸುವ ವಿದ್ಯೆ. ಅದೇ ಸೀಟಿಗೆ ನಿಮ್ಮಪ್ಪ ಎರಡು ಸಲ ಪರೀಕ್ಷೆ ಬರೆದು, ಸಿಗದೆ, ಮಾರ್ಕೆಟ್ ಯಾರ್ಡ್ ಬಳಿ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ, ಸುಟ್ಟ ಮೋಟರಿಗೆ ತಂತಿ ಸುತ್ತುವ ಕೆಲಸಕ್ಕೆ ಸೇರಿದ್ದ.

ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು. ಮೆತ್ತನೆಯ ರೊಟ್ಟಿ ಮಗನಿಗೆ ಇಟ್ಟು, ಹೊತ್ತಿದ್ದನ್ನು ಅವಳ ಡಬ್ಬಿಗೆ ಹಾಕುತ್ತಿದ್ದೆ. ಅವಳು ಒಂದು ದಿನವೂ ಏನೂ ಅನ್ನಲಿಲ್ಲ. ಅದರಿಂದ ಇನ್ನಷ್ಟು ಉರಿಯುತ್ತಿತ್ತು.

ಕೊನೆಯ ವರ್ಷ ಅವಳು ಪರೀಕ್ಷಕರಿಗೆ ತೋರಿಸಲು ಒಂದು ಯಂತ್ರದ ಕೈ ಮಾಡಿದಳು. ತಗಡು ಕತ್ತರಿಸಿ ಬೆರಳು ಮಾಡಿಕೊಟ್ಟವನು ನಿಮ್ಮಪ್ಪ.

“ದುಡಿಯೂದು ನೀನು, ಮಾರ್ಕು ಆಕೀಗೆ. ಭಾಳ ಛಂದ ಅದ ನಿನ್ನ ನ್ಯಾಯ!” ಎಂದು ನಾನು ಚುಚ್ಚಿದೆ.

“ಆಕಿ ಪೂರಾ ಇಂಜಿನಿಯರ್ ಆದ್ರ ನಾ ಅರ್ಧರೇ ಆಗ್ತೀನಲ್ಲವ್ವಾ” ಎಂದು ಅವನು ನಕ್ಕ.

ದಸರಾದ ಹಿಂದಿನ ದಿನದ ಖಂಡೆ ಪೂಜೆ, ಅಂದರೆ ಆಯುಧ ಪೂಜೆ ಬಂತು. ಆ ದಿನ ನಮ್ಮಲ್ಲಿ ಯಾವ ಹತ್ಯಾರಕ್ಕೂ, ಯಂತ್ರಕ್ಕೂ ಕೆಲಸ ಕೊಡುವುದಿಲ್ಲ. ಸವಿತಾ ಬ್ಯಾಟರಿ ಕಳಚಿ ಕಪಾಟಿನ ಮೇಲಿಟ್ಟು, ಬೆರಳು ಮಡಚಿದ್ದ ಕೈಯನ್ನು ಗೋಡೆಯ ಕಡೆಗೆ ತಿರುಗಿಸಿ ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿದಳು. “ಇವತ್ತು ಇದಕ್ಕೂ ಸೂಟಿ, ದೊಡ್ಡವ್ವ” ಎಂದಳು. ದಸರಾ ಕಳೆದ ಮರುದಿನವೇ ಅವಳ ಪರೀಕ್ಷೆ. ಅವಳೂ ನಿಮ್ಮಪ್ಪನೂ ಅಂಗಡಿಯ ಪೂಜೆಗೆ ಹೋದರು. ಗಂಡ ಸತ್ತ ಮೇಲೆ ಅಂಥಲ್ಲಿಗೆ ಹೋಗಲು ನನಗೆ ಸಂಕೋಚ, ಮನೆಯಲ್ಲೇ ಉಳಿದೆ.

ನಡು ಮಧ್ಯಾಹ್ನ. ಆ ಕೈಯ ಮುಂದೆ ಹೋಗಿ ಕುಳಿತೆ. ಮಣಿಕಟ್ಟಿನ ಹತ್ತಿರ ಒಂದು ಕೆಂಪು ವೈರು ಕಾಣುತ್ತಿತ್ತು. ಇವಳಿಗೂ ಒಮ್ಮೆ ಸೋಲು ಗೊತ್ತಾಗಲಿ ಅನ್ನಿಸಿತು. ಎಳೆದೆ. ಬಂದೇ ಬಿಟ್ಟಿತು. ಮುಷ್ಟಿಯಲ್ಲಿ ಹಿಡಿದುಕೊಂಡೆ.

ಆಗ ‘ಜರ್‍ರ್’ ಎಂದು ಸಣ್ಣ ಸದ್ದಾಯಿತು. ಗೋಡೆಯ ಕಡೆಗಿದ್ದ ಕೈ ನಿಧಾನವಾಗಿ ನನ್ನ ಕಡೆಗೆ ತಿರುಗಿ ನಿಂತಿತು. ಬೆರಳುಗಳು ಒಂದೊಂದಾಗಿ ಬಿಚ್ಚಿದವು. ಬ್ಯಾಟರಿ ಕಪಾಟಿನ ಮೇಲೆಯೇ ಇತ್ತು. ನೋಡಿದೆ, ಮತ್ತೆ ನೋಡಿದೆ. ಕೈ ಹಾಗೇ ಚಾಚಿಕೊಂಡಿತ್ತು. ವೈರನ್ನು ಅದರ ಅಂಗೈಯಲ್ಲಿ ಇಟ್ಟೆ. ಬೆರಳುಗಳು ಮುಚ್ಚಿಕೊಂಡವು.

ಅವರಿಬ್ಬರೂ ಬಂದಾಗ ನಾನು ಒಲೆಯ ಮುಂದಿದ್ದೆ.

“ದೊಡ್ಡವ್ವ, ಇದರ ಕೈಯಾಗ ವೈರು ಯಾರು ಕೊಟ್ರು?” ಸವಿತಾ ಕೇಳಿದಳು.

“ನನಗೇನ್ ಗೊತ್ತವ್ವ” ಅಂದೆ.

ನಿಮ್ಮಪ್ಪ ಬೆರಳು ಬಿಡಿಸಲು ನೋಡಿದ, ಆಗಲಿಲ್ಲ. “ಬ್ಯಾಟರಿ ಇಲ್ದ ಹೆಂಗ ಮುಚ್ಚಿತ ಇದು?” ಎಂದು ತಲೆ ಕೆರೆದುಕೊಂಡ. ಸವಿತಾ ನನ್ನ ಮುಖ ನೋಡಿದಳು. “ಹಬ್ಬದ ದಿನ ಬಿಡಣ್ಣ, ನಾಳೆ ನೋಡೋಣು” ಎಂದಷ್ಟೇ ಹೇಳಿದಳು. ಮರುದಿನ ಬ್ಯಾಟರಿ ಹಾಕಿ ಬೆರಳು ಬಿಡಿಸಿ, ವೈರು ಬೆಸೆದಳು.

ಪರೀಕ್ಷಕರ ಮುಂದೆ ಅದು ಚೆನ್ನಾಗಿಯೇ ಆಡಿತು. ಅವಳು ಪಾಸಾದಳು. ಅವಳು ತಂದ ಪೇಢೆ ಬಾಯಿಗಿಟ್ಟಾಗಲೂ ನನ್ನ ಹೊಟ್ಟೆ ಉರಿದದ್ದು ನಿಜ, ಮುಚ್ಚಿಡುವುದಿಲ್ಲ. ಒಳಗಿನ ಸ್ಪ್ರಿಂಗ್ ಸಡಿಲಾಗಿರಬೇಕು ಎಂದು ನಿಮ್ಮಪ್ಪ ಈಗ ಹೇಳುತ್ತಾನೆ. ಇರಬಹುದು. ವೈರು ಕಿತ್ತವಳು ನಾನೆಂದು ಅವನಿಗೆ ಗೊತ್ತಿಲ್ಲ.

ಸವಿತಾಳಿಗೆ ಗೊತ್ತಿತ್ತೇ? ಪರೀಕ್ಷೆಯ ದಿನ ಬೆಳಿಗ್ಗೆ ಇಬ್ಬರೂ ರಿಕ್ಷಾ ತರಲು ಹೊರಟಾಗ, ಅವಳು ಆ ಯಂತ್ರವನ್ನು ತಂದು ನನ್ನ ಮಡಿಲಲ್ಲಿಟ್ಟು, “ಸ್ವಲ್ಪ ಹಿಡ್ಕೋರಿ ದೊಡ್ಡವ್ವ” ಎಂದಳು. ನಂಬಿ ಕೊಟ್ಟಳೋ, ತಿಳಿದೇ ಕೊಟ್ಟಳೋ, ಇಂದಿಗೂ ಕೇಳಿಲ್ಲ. ಅವರು ಬರುವವರೆಗೂ ಆ ಬೆರಳುಗಳನ್ನೇ ನೋಡುತ್ತ ಕುಳಿತಿದ್ದೆ. ಅವು ಅಲುಗಲಿಲ್ಲ.