ಬಾನೆಟ್ಟಿನ ಕೆಳಗೆ ತೂಗಿದ ಬಾಟಲಿ

ಎಪ್ಪತ್ತರ ದಶಕದಲ್ಲಿ ನಾನು ಇಂಡಿ ಪಟ್ಟಣದ ಒಂದು ಸರಕಾರಿ ಕಚೇರಿಯ ಜೀಪು ಓಡಿಸುತ್ತಿದ್ದೆ. ಸಿಟ್ಟು ಆಗಲೂ ನನ್ನ ಮೂಗಿನ ತುದಿಯಲ್ಲೇ ಇತ್ತು, ಈಗಲೂ ಇದೆ. ಆದರೆ ಕಳ್ಳತನ ಮಾತ್ರ ನಾನು ಕಲಿಯದ ವಿದ್ಯೆ.

ಆ ವರ್ಷ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಚಳಿ ಜೋರಾಗಿತ್ತು. ಲಾಗ್‌ಬುಕ್ ತಿರುವಿದ ಸಾಹೇಬರು ಕಚೇರಿಯ ವರಾಂಡದಲ್ಲಿ, ಎಲ್ಲರ ಎದುರು, ದೊಡ್ಡ ದನಿ ತೆಗೆದರು: “ಬ್ಯಾಸಿಗ್ಯಾಗ ಇಷ್ಟು ಪೆಟ್ರೋಲ್ ಹತ್ತತಿದ್ದಿಲ್ಲ. ಈಗ ಜೀಪು ಕುಡಿಯಾಕತ್ತೈತೋ, ನೀ ಮಾರಾಕತ್ತೀಯೋ? ಕಳ್ಳ!”

ಉಳಿದವರು ನೆಲ ನೋಡಿದರು. ನಾನು ನೋಡಲಿಲ್ಲ. “ನಾಳೆ ನನ್ನ ಜೋಡಿ ಬರ್ರಿ ಸಾಹೇಬ್ರ, ಯಾರು ಕುಡೀತಾರ ತೋರಿಸ್ತೇನಿ” ಎಂದೆ.

ಕಾರಣ ನನಗೆ ಗೊತ್ತಿತ್ತು. ಚಳಿಗೆ ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆ, ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಚೋಕ್ ಎಳೆದು ಹೆಚ್ಚಿಗೆ ಪೆಟ್ರೋಲ್ ಕುಡಿಸಿದರೇನೇ ಅದು ಏಳುವುದು. ಸಾಲದ್ದಕ್ಕೆ, ಹತ್ತುವಾಗ ಬೆಚ್ಚಗಿರಲೆಂದು, ಸಾಹೇಬರ ಪೂಜೆ ಮುಗಿಯುವವರೆಗೂ ಜೀಪು ಅವರ ಅಂಗಳದಲ್ಲಿ ಚಾಲೂ ಇರಬೇಕು. ಅದು ಅವರೇ ಹಾಕಿದ ಪದ್ಧತಿ.

ಮರುದಿನ ಮುಂಜಾನೆ ಅವರ ಅಂಗಳದಲ್ಲಿ, ಅವರ ಕಣ್ಣೆದುರೇ, ಟ್ಯಾಂಕಿನ ಪೈಪು ಕಳಚಿದೆ. ಅಳೆದು ತುಂಬಿದ ಪೆಟ್ರೋಲಿನ ಬಾಟಲಿಯನ್ನು ಬಾನೆಟ್ಟಿನ ಕೆಳಗೆ ತೂಗುಹಾಕಿ ಕಾರ್ಬ್ಯುರೇಟರಿಗೆ ಜೋಡಿಸಿದೆ. ಮೆಕ್ಯಾನಿಕರು ಮೈಲೇಜು ನೋಡುವುದು ಹೀಗೆಯೇ. ಎಂದಿನಂತೆ ಪೂಜೆ ಮುಗಿಯುವವರೆಗೂ ಜೀಪು ಚಾಲೂ ಇತ್ತು; ಆಮೇಲೆ ಸಾಹೇಬರು ಹತ್ತಿದರು. ಅಗರಖೇಡದ ದಾರಿಯಲ್ಲಿ ಒಂದು ಬೇವಿನ ಮರದ ಹತ್ತಿರ ಬಾಟಲಿ ಖಾಲಿಯಾಗಿ ಜೀಪು ನಿಂತಿತು. ಮಧ್ಯಾಹ್ನ, ಎಂಜಿನ್ ಬಿಸಿ ಇರುವಾಗಲೇ, ಚಾಲೂ ಇಟ್ಟು ಕಾಯದೆ, ಅದೇ ಅಂಗಳದಿಂದ ಅಷ್ಟೇ ಪೆಟ್ರೋಲ್ ತುಂಬಿದ ಅದೇ ಬಾಟಲಿ, ಅದೇ ದಾರಿ. ಬೇವಿನ ಮರ ದಾಟಿತು, ಅದರಾಚೆಯ ಹನುಮಪ್ಪನ ಗುಡಿಯೂ ದಾಟಿತು. ಸಾಹೇಬರ ಮುಖ ಸಣ್ಣದಾಯಿತು.

“ಆತು ಬಿಡಪಾ, ನಿಂದೇನೂ ತಪ್ಪಿಲ್ಲ” ಎಂದರು.

“ಇಲ್ಲಿ ಕೇಳಾಕ ಯಾರದಾರ್ರಿ? ಹತ್ತು ಮಂದಿ ಮುಂದ ಕಳ್ಳ ಅಂದೀರಿ. ಅವರ ಮುಂದನ ಹೇಳ್ರಿ.”

“ನೌಕರಿ ಬ್ಯಾಡೇನು ನಿನಗ?”

“ಕಳ್ಳ ಅನ್ನಿಸಿಕೊಂಡು ಬ್ಯಾಡ್ರಿ.”

ಕಚೇರಿಯ ಮುಂದೆ ಇಳಿದು, ಸಾಹೇಬರು ಹೇಳದಿದ್ದರೆ ಕೊಟ್ಟು ಹೋಗಿಬಿಡಲೆಂದು ಜೀಪಿನ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. ಮನೆಯಲ್ಲಿ ಐದು ಹೊಟ್ಟೆಗಳಿದ್ದವು. ಸಾಹೇಬರು ವರಾಂಡದಲ್ಲಿದ್ದ ಮಂದಿಯ ಮುಂದೆ ನಿಂತು, “ಪೆಟ್ರೋಲ್ ಅಂವ ಕದ್ದಿಲ್ಲ” ಎಂದರು.

“ಹಿಂದಿನವರಿಗೆ ಕೇಳಿಸಲಿಲ್ರಿ” ಎಂದೆ.

ಮತ್ತೊಮ್ಮೆ, ಜೋರಾಗಿ ಹೇಳಿದರು. ಕೀಲಿಯನ್ನು ಜೇಬಿಗೆ ಹಾಕಿಕೊಂಡೆ.

ಮರುದಿನ ಮುಂಜಾನೆ ಒಳಗೆ ಪೂಜೆಯ ಗಂಟೆ ಕೇಳಿಸುತ್ತಿತ್ತು. ಅಂಗಳದಲ್ಲಿ ಜೀಪು ಸುಮ್ಮನೆ ನಿಂತಿತ್ತು. ಹೊರಬಂದ ಸಾಹೇಬರು ಜೀಪನ್ನೊಮ್ಮೆ ನೋಡಿ ತಣ್ಣನೆಯ ಸೀಟಿನ ಮೇಲೆ ಕುಳಿತರು. ಆಮೇಲೆ ನಾನು ಚೋಕ್ ಎಳೆದೆ.