ದೊಡ್ಡ ಹೋಟೆಲಿನ ಸಪ್ಪೆ ಅನ್ನ

ಸತ್ತವರು ಬಂದು ಉಣ್ಣುತ್ತಾರೆ ಅನ್ನುವುದನ್ನು ನಾನು ನಂಬಿದವಳಲ್ಲ. ಕಾಗೆ ತಿನ್ನುತ್ತದೆ, ನಾಯಿ ತಿನ್ನುತ್ತದೆ, ಅಷ್ಟೆ. ಆದರೂ ಉಣ್ಣುವ ಮೊದಲು ಒಂದು ಹಿಡಿ ಅನ್ನ ತೆಗೆದು ಪಕ್ಕಕ್ಕೆ ಇಡುತ್ತಿದ್ದೆ. ನಮ್ಮವರಲ್ಲಿ ಅದು ಪದ್ಧತಿ. ಆ ಎಡೆಯನ್ನು ಬದುಕಿರುವವರು ಮುಟ್ಟಬಾರದು. ಮನೆಯಲ್ಲಿ ಎಡೆಗೆಂದೇ ಬೇಯಿಸಿದರೆ ಉಪ್ಪು ಹಾಕುವುದಿಲ್ಲ. ಸತ್ತವರ ಬಾಯಿಗೆ ಉಪ್ಪಿಲ್ಲ ಎಂದು ಹಿರಿಯರ ಮಾತು. ನಾನು ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮ್ಮ ಪಾಡು.

ನಮ್ಮ ಕಾಡಿನ ಜನ ಭೂಮಿಗಾಗಿ ಗುಡಿಸಲು ಹಾಕಿ ಕೂತ ವರ್ಷಗಳವು. ತೋಲ್ಪೆಟ್ಟಿ ಕಡೆಯಿಂದ ನಾವೂ ಹೋಗಿ, ಪೇಟೆ ಮುಗಿಯುವಲ್ಲಿ ಪಾಳುಬಿದ್ದಿದ್ದ ಎಸ್ಟೇಟಿನಲ್ಲಿ ಕೂತಿದ್ದೆವು. ಪೊಲೀಸರು ದಾರಿ ಮುಚ್ಚಿದ್ದಾಗ ಮಗಳು ಚಿಕ್ಕಿಗೆ ಜ್ವರ ಬಂತು. ಆಸ್ಪತ್ರೆಗೆ ಬಿಡಲಿಲ್ಲ, ಸತ್ತಳು. ಅಲ್ಲೇ ಹಲಸಿನ ಮರದ ಬುಡದಲ್ಲಿ ಹೂತೆವು. ಆಮೇಲೆ ಗುಡಿಸಲು ಸುಟ್ಟರು. ನನ್ನ ಗಂಡ ಮಾರನ ಕಾಲು ಮುರಿದರು. ಕೆಲವು ವರ್ಷ ಕಳೆದು ಅಲ್ಲೊಂದು ದೊಡ್ಡ ಹೋಟೆಲ್ ಎದ್ದಿತು.

ಹೋಟೆಲಿನ ಮೊದಲಾಳಿಗೆ, ಅಂದರೆ ಯಜಮಾನನಿಗೆ, ಕಾರು ನಿಲ್ಲಿಸಲು ಆ ಹಲಸಿನ ಮೂಲೆಯೂ ಬೇಕಾಯಿತು. ಅಲ್ಲಿ ಮಗುವಿನ ಗೋರಿ ಇದೆ ಎಂದು ನಮ್ಮವರು ಅಡ್ಡ ನಿಂತರು. ವಿಚಾರಿಸಲು ಆಫೀಸರು ಬರುವವರಿದ್ದರು. ಹೆತ್ತ ಅಪ್ಪನೇ ಅಲ್ಲಿ ಗೋರಿಯಿಲ್ಲ ಎಂದರೆ ಮುಗಿಯಿತಲ್ಲ? ಅದಕ್ಕೇ ಹಿಂದಿನ ದಿನ ನಮ್ಮಿಬ್ಬರನ್ನು ಊಟಕ್ಕೆ ಕರೆದ. ಮಾರನಿಗೆ ಕಾವಲು ಕೆಲಸ ಕೊಡುವೆನೆಂದೂ ಹೇಳಿ ಕಳಿಸಿದ್ದ.

ನಾನು ಬೇಡವೆಂದೆ. "ಅನ್ನ ತಿಂದ್ರೆ ಮಾತು ಕೊಟ್ಟಂಗಾಯ್ತದಾ? ಸುಮ್ನೆ ಬಾ" ಅಂದ ಮಾರ. ಇವನನ್ನು ಒಬ್ಬನೇ ಬಿಟ್ಟರೆ ಮಗಳನ್ನು ಮಾರಿಯೇ ಬರುತ್ತಾನೆ ಎಂದು ಹಿಂದೆಯೇ ಹೋದೆ.

ದೀಪ ಹಚ್ಚುವ ಹೊತ್ತು. ಮೆತ್ತೆ ಕೊಳೆಯಾದೀತೆಂದು ನಮ್ಮ ಕುರ್ಚಿಗಳಿಗೆ ಮಾತ್ರ ಹಳೇ ಪೇಪರ್ ಹಾಸಿದರು. ಪಕ್ಕದ ಮೇಜಿನ ಹೆಂಗಸು ತನ್ನ ಮಗುವಿನ ಕುರ್ಚಿಯನ್ನು ಆಚೆಗೆ ಎಳೆದುಕೊಂಡಳು. ಕಿಟಕಿಯಾಚೆ ಹಲಸಿನ ಮರ ನಿಂತಿತ್ತು. ಅನ್ನ, ಮೀನು, ಕೋಳಿ ತಂದಿಟ್ಟರು.

"ಕಳಿಕ್ಕೆಡಾ ಮಾರಾ, ತಿನ್ನು! ನಿನ್ನಪ್ಪನೂ ಇಂಥದ್ದು ಕಂಡಿಲ್ಲ" ಎಂದು ಮೊದಲಾಳಿ ಎದುರಿಗೇ ನಿಂತ.

ನಾನು ಒಂದು ಹಿಡಿ ಅನ್ನಕ್ಕೆ ಮೀನಿನ ಚೂರು ಸೇರಿಸಿ, ಚಿಕ್ಕಿಯ ಹೆಸರಿಗೆ ಮೇಜಿನ ಬಿಳಿ ಬಟ್ಟೆಯ ಮೇಲೆ ಕಿಟಕಿಯ ಕಡೆಗೆ ಇಟ್ಟೆ.

"ಅದೇನಮ್ಮ, ಮೇಜಿಗೂ ಹಸಿವಾ?" ಎಂದು ಅವನು ನಕ್ಕ. ಸುತ್ತಲಿನವರೂ ನಕ್ಕರು.

"ಎಲ್ಲಾರೂ ನೋಡ್ತಾವ್ರೆ, ಮಾನ ಕಳೀಬೇಡ" ಎಂದು ಮಾರ ಆ ಹಿಡಿಯನ್ನು ಬಾಚಿ ತನ್ನ ಬಾಯಿಗೇ ಹಾಕಿಕೊಂಡ.

"ಥೂ, ಅದು ಅವಳ್ದು ಕಣೋ!"

"ಸತ್ತೋಳಿಗೆ ಯಾತರ ಮೀನು?"

ಅಗಿದ. ಅಗಿಯುತ್ತಿದ್ದವನು ಹಾಗೇ ನಿಲ್ಲಿಸಿಬಿಟ್ಟ. "ಇದಕ್ಕೆ ಉಪ್ಪೇ ಇಲ್ಲ" ಅಂದ.

ನಾನು ಬಾಯಿಗಿಟ್ಟರೆ ಗಂಟಲು ಒಣಗುವಷ್ಟು ಉಪ್ಪು. ಅವನು ಕೋಳಿ ತಿಂದ, ಸಪ್ಪೆ ಅಂದ. ಉಪ್ಪಿನ ಕುಡಿಕೆ ಎಳೆದುಕೊಂಡು ಸುರಿದ, ಮತ್ತೆ ಸುರಿದ, ತಟ್ಟೆ ಬೆಳ್ಳಗಾಯಿತು. ಕಡೆಗೆ ಬರೀ ಉಪ್ಪನ್ನೇ ಮುಕ್ಕಿದ. ಸಪ್ಪೆ. ಮೊದಲಾಳಿ ಅಡುಗೆಯವರನ್ನೂ ಕೂಗಿ ಕರೆದು ತೋರಿಸಿದ. ಅವರು ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸರಿ, ನಾಳೆ ಏನ್ ಹೇಳ್ತೀಯಾ ಮಾರಾ?" ಎಂದು ಮೊದಲಾಳಿ ಕೇಳಿದ.

ಮಾರ ಕಿಟಕಿಯ ಕಡೆ ನೋಡಲಿಲ್ಲ. "ಅಲ್ಲಿ ಯಾರ್ನೂ ಹೂತಿಲ್ಲ" ಅಂದ.

"ಹಂಗಾರೆ ನಾನು ಹೆತ್ತಿದ್ದು ಯಾರ್ನ?" ಎಂದು ಕೇಳಿದೆ. ಅವನು ಮತ್ತೆ ಉಪ್ಪಿನ ಕುಡಿಕೆಗೆ ಕೈ ಹಾಕಿದ.

ಮಾರನೆಯ ದಿನ ಆಫೀಸರ ಮುಂದೆಯೂ ಅದನ್ನೇ ಹೇಳಿದ. ಮರ ಕಡಿದು ಸಿಮೆಂಟು ಸುರಿದರು. ಈಗ ನನ್ನ ಮಗಳ ಮೇಲೆ ಕಾರುಗಳು ನಿಲ್ಲುತ್ತವೆ. ಕುಂಟನಿಗೆ ಎಂಥ ಕಾವಲು ಎಂದು ಅವನನ್ನೂ ಮಳೆಗಾಲಕ್ಕೆ ಮೊದಲೇ ಓಡಿಸಿದರು.

ಅವನ ನಾಲಿಗೆಗೆ ಮಾತ್ರ ಉಪ್ಪು ಹತ್ತಲೇ ಇಲ್ಲ. ಮಾನಂತವಾಡಿಯ ಡಾಕ್ಟರು ನೋಡಿ, ನಾಲಿಗೆ ಸರಿಯಾಗಿದೆ, ಹೆದರಿಕೆ ಇರಬೇಕು ಅಂದರು. ಇರಬಹುದು. ತಪ್ಪು ಮಾಡಿದವನ ಬಾಯಿ ಕಹಿಯಾಗುತ್ತದೆ ಅಂತಾರೆ, ಸಪ್ಪೆಯಾಗುವುದನ್ನು ನಾನು ಕೇಳಿಲ್ಲ. ರುಚಿ ಹತ್ತದ ಇವನಿಗೆ ಉಪ್ಪು ಯಾಕೆ ದಂಡ ಎಂದು ಅವನ ಪಾಲಿನ ಗಂಜಿಗೆ ಉಪ್ಪು ಹಾಕುವುದನ್ನೇ ಬಿಟ್ಟೆ. ಸಾಯುವ ತನಕ ಸಪ್ಪೆಯನ್ನೇ ಉಂಡ. ನನಗೆ ಅಯ್ಯೋ ಅನ್ನಿಸಲಿಲ್ಲ.

ಸಾಯುವ ದಿನ ಬೆಳಿಗ್ಗೆ ಒಂದು ಚಮಚ ಗಂಜಿ ಬಾಯಿಗೆ ಬಿಟ್ಟೆ. ಮುಖ ಕಿವುಚಿದ. "ಉಪ್ಪು ಜಾಸ್ತಿ ಆಯ್ತು ಕಣೇ" ಅಂದ. ಅದೇ ಕಡೆಯ ಮಾತು. ಪಾತ್ರೆಗೆ ಬೆರಳದ್ದಿ ನೆಕ್ಕಿ ನೋಡಿದೆ. ಸಪ್ಪೆ. ನಾನು ಹಾಕಿರಲಿಲ್ಲ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಚಿಕ್ಕಿ ಅಪ್ಪನನ್ನು ಮನ್ನಿಸಿದಳು ಎಂದು ನೆಂಟರು ಅಂದುಕೊಂಡರು. ನನಗೆ ಗೊತ್ತಿಲ್ಲ. ಮನ್ನಿಸಿದ್ದು ಹೌದಾದರೆ, ಆ ಕರುಣೆ ಅವಳಿಗೆ ಎಲ್ಲಿಂದ ಬಂತೋ. ನನ್ನಿಂದಂತೂ ಅಲ್ಲ.